ಸೊರಗುತ್ತಿರುವ ಸರ್ಕಾರಿ ಶಾಲೆಗಳನ್ನು ಜಿಲ್ಲಾ ಶಿಕ್ಷಣ ಆಡಳಿತ ಹೇಗೆ ಮೇಲೆತ್ತಬಲ್ಲದು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಕರಾವಳಿಯ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಸಂಭ್ರಮ ಮನೆಮಾಡುವುದು ಹೊಸದೇನಲ್ಲ. 2024ರಲ್ಲಿ ಶೇ 94ರ ಉತ್ತೀರ್ಣತೆಯೊಂದಿಗೆ ಉಡುಪಿ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು, ಶೇ 92.12 ಗಳಿಸಿದ ದಕ್ಷಿಣ ಕನ್ನಡ ಎರಡನೆಯದಾಯಿತು. 2025ರಲ್ಲಿ ಶೇ 91.12ರೊಂದಿಗೆ ದಕ್ಷಿಣ ಕನ್ನಡ ಮುಂದೆ ಬಂತು, ಶೇ 89.96ರೊಂದಿಗೆ ಉಡುಪಿ ಅದರ ಬೆನ್ನಿಗಿತ್ತು. ಆದರೆ ಇದೇ ಎರಡು ಜಿಲ್ಲೆಗಳ ಒಳನಾಡಿನಲ್ಲಿ ಜೂನ್ ತಿಂಗಳಲ್ಲಿ ಸುತ್ತಾಡಿದರೆ, ಒಂದನೇ ತರಗತಿಗೆ ಬೆರಳೆಣಿಕೆಯ ಮಕ್ಕಳು ಸೇರಿದ ಶಾಲೆಗಳು, ಐದು ತರಗತಿಗಳಿಗೆ ಇಬ್ಬರೇ ಶಿಕ್ಷಕರಿರುವ ಶಾಲೆಗಳು, ನೂರು ವರ್ಷದ ಸಂಭ್ರಮ ಆಚರಿಸಿದ ಬೆನ್ನಿಗೇ ಬಾಗಿಲು ಮುಚ್ಚುವ ಭಯದಲ್ಲಿರುವ ಶಾಲೆಗಳು ಕಣ್ಣಿಗೆ ಬೀಳುತ್ತವೆ. ಹತ್ತನೇ ತರಗತಿಯ ಫಲಿತಾಂಶದಲ್ಲಿ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳೆಲ್ಲ ಒಟ್ಟಿಗೆ ಸೇರಿರುತ್ತವೆ. ಮೂರನೇ ತರಗತಿಯಲ್ಲಿ ಓದಲು ತಡವರಿಸುತ್ತಿರುವ ಮಗುವಿನ ಸುಳಿವು ಆ ಅಂಕಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಈ ಜಿಲ್ಲೆಗಳ ಶಾಲಾ ವ್ಯವಸ್ಥೆಯನ್ನು ಬಲಪಡಿಸುವ ಮಾತು ಫಲಿತಾಂಶದ ಪಟ್ಟಿಯಿಂದಲ್ಲ, ಕೆಳಗಿನ ತರಗತಿಗಳಿಂದ ಶುರುವಾಗಬೇಕು. ಆ ಕೆಲಸಕ್ಕೆ ಜಿಲ್ಲಾ ಮಟ್ಟದ ಅಧಿಕಾರಿಗಳ ಕೈಯಲ್ಲಿ ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚಿನ ಶಕ್ತಿ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಯಾರ ಕೈಯಲ್ಲಿ ಏನಿದೆ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಜಿಲ್ಲೆಯ ಶಾಲಾ ಆಡಳಿತದ ಮುಖ್ಯಸ್ಥರು ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಅಂದರೆ ಎಲ್ಲರೂ ಕರೆಯುವಂತೆ ಡಿಡಿಪಿಐ. ಅವರ ಕೆಳಗೆ ಒಂದೊಂದು ಶೈಕ್ಷಣಿಕ ವಲಯಕ್ಕೆ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಇರುತ್ತಾರೆ. ದಕ್ಷಿಣ ಕನ್ನಡದಲ್ಲಿ ಮಂಗಳೂರು ಉತ್ತರ, ಮಂಗಳೂರು ದಕ್ಷಿಣ, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ, ಮೂಡುಬಿದಿರೆ ಎಂಬ ಏಳು ವಲಯಗಳಿದ್ದರೆ, ಉಡುಪಿಯಲ್ಲಿ ಉಡುಪಿ, ಬ್ರಹ್ಮಾವರ, ಕುಂದಾಪುರ, ಬೈಂದೂರು, ಕಾರ್ಕಳ ಎಂಬ ಐದು ವಲಯಗಳಿವೆ. ಬೋಧನೆಯ ಗುಣಮಟ್ಟವನ್ನು ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ. ಅದರ ಪ್ರಾಂಶುಪಾಲರೂ ಉಪನಿರ್ದೇಶಕರ ದರ್ಜೆಯವರೇ, ಹುದ್ದೆಯ ಹೆಸರಿನ ಮುಂದೆ ಆವರಣದಲ್ಲಿ ‘ಅಭಿವೃದ್ಧಿ’ ಎಂದಿರುತ್ತದೆ. ತಾಲ್ಲೂಕು ಮಟ್ಟದಲ್ಲಿ ಕ್ಷೇತ್ರ ಸಮನ್ವಯಾಧಿಕಾರಿ ಮತ್ತು ಕ್ಷೇತ್ರ ಸಂಪನ್ಮೂಲ ವ್ಯಕ್ತಿಗಳು (ಬಿಆರ್‌ಪಿ), ಅದಕ್ಕೂ ಕೆಳಗೆ ಒಂದಷ್ಟು ಶಾಲೆಗಳ ಗುಂಪಿಗೆ ಒಬ್ಬ ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಕೆಲಸ ಮಾಡುತ್ತಾರೆ. ಹಣಕಾಸಿನ ದೊಡ್ಡ ಪಾಲು ಹಾದುಹೋಗುವುದು ಜಿಲ್ಲಾ ಪಂಚಾಯತ್ ಮೂಲಕ. ಹೀಗಾಗಿ ಅಲ್ಲಿನ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಆಸಕ್ತಿ ಅಥವಾ ನಿರಾಸಕ್ತಿ ಶಾಲೆಗಳ ಮೇಲೆ ನೇರ ಪರಿಣಾಮ ಬೀರುತ್ತದೆ.

ಈ ಯಾರೊಬ್ಬರೂ ಹೊಸ ಶಿಕ್ಷಕರ ಹುದ್ದೆ ಮಂಜೂರು ಮಾಡಲಾರರು, ಪಠ್ಯಪುಸ್ತಕ ಬದಲಿಸಲಾರರು, ಬೋಧನಾ ಮಾಧ್ಯಮದ ನೀತಿ ರೂಪಿಸಲಾರರು. ಅವೆಲ್ಲ ಬೆಂಗಳೂರಿನಲ್ಲಿ ತೀರ್ಮಾನವಾಗುವ ಸಂಗತಿಗಳು. ಜಿಲ್ಲೆಯವರು ಸ್ವತಃ ನಿರ್ಧರಿಸಬಹುದಾದ ವಿಷಯಗಳು ಬೇರೆಯೇ ಇವೆ: ಅಧಿಕಾರಿಗಳ ಸಮಯ ಎಲ್ಲಿ ಖರ್ಚಾಗಬೇಕು, ಮಾಸಿಕ ಸಭೆಯಲ್ಲಿ ಯಾವ ಪ್ರಶ್ನೆ ಮೊದಲು ಬರಬೇಕು, ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ ಮತ್ತು ಅತಿಥಿ ಶಿಕ್ಷಕರ ಹಂಚಿಕೆ ಯಾವ ಶಾಲೆಯಿಂದ ಆರಂಭವಾಗಬೇಕು, ದಾನಿಗಳ ಮತ್ತು ಕಂಪನಿಗಳ ಹಣ ಯಾವ ಕಡೆ ಹರಿಯಬೇಕು ಎಂಬಂಥವು. ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಈ ನಿರ್ಧಾರಗಳೇ ಒಂದು ವಲಯದ ಶಾಲೆಗಳಿಗೂ ಪಕ್ಕದ ವಲಯದ ಶಾಲೆಗಳಿಗೂ ವ್ಯತ್ಯಾಸ ತರುತ್ತವೆ.

ಜಿಲ್ಲಾ ಮಟ್ಟದ ನಾಯಕತ್ವಕ್ಕೂ ಮಕ್ಕಳ ಕಲಿಕೆಗೂ ನಿಜಕ್ಕೂ ನಂಟಿದೆಯೇ ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ ಗಂಭೀರವಾಗಿ ಪರಿಶೀಲಿಸಿದ್ದಾರೆ. ಅಲ್ಲಿನ ಶಾಲಾ ಜಿಲ್ಲೆಗಳಿಗೆ ಸೂಪರಿಂಟೆಂಡೆಂಟ್ ಎಂಬ ಮುಖ್ಯಸ್ಥರು, ಚುನಾಯಿತ ಶಾಲಾ ಮಂಡಳಿ ಇರುತ್ತವೆ; ನೇಮಕಾತಿಯ ಅಧಿಕಾರವೂ ಅವರದೇ ಆಗಿರುವುದರಿಂದ ನಮ್ಮ ಡಿಡಿಪಿಐ ಹುದ್ದೆಗೆ ಅದನ್ನು ನೇರವಾಗಿ ಹೋಲಿಸಲಾಗದು. 2006ರಲ್ಲಿ ಟಿಮ್ ವಾಟರ್ಸ್ ಮತ್ತು ರಾಬರ್ಟ್ ಮಾರ್ಜಾನೊ ಎಂಬ ಸಂಶೋಧಕರು 1970ರಿಂದ ಈಚೆಗೆ ನಡೆದ 27 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜಿಲ್ಲಾ ನಾಯಕತ್ವಕ್ಕೂ ವಿದ್ಯಾರ್ಥಿಗಳ ಸಾಧನೆಗೂ ನಡುವೆ 0.24ರಷ್ಟು ಸಹಸಂಬಂಧ (ನಂಟೇ ಇಲ್ಲದಿದ್ದರೆ 0, ಪೂರ್ಣ ನಂಟಿದ್ದರೆ 1) ಕಂಡುಬಂತು. ಇದು ಭಾರಿ ಪ್ರಮಾಣವೇನಲ್ಲ, ಕಡೆಗಣಿಸುವಂಥದ್ದೂ ಅಲ್ಲ. ಅವರು ಗುರುತಿಸಿದ ಲಕ್ಷಣಗಳು ಹೀಗಿವೆ: ಎಲ್ಲರೊಂದಿಗೆ ಕೂತು ಗುರಿ ನಿಶ್ಚಯಿಸುವುದು, ಕಲಿಕೆ ಮತ್ತು ಬೋಧನೆಯ ವಿಷಯದಲ್ಲಿ ಕೆಲವೇ ಗುರಿಗಳನ್ನು ರಾಜಿಯಿಲ್ಲದೆ ಹಿಡಿದುಕೊಳ್ಳುವುದು, ಮಂಡಳಿಯನ್ನೂ ಅದೇ ಗುರಿಗೆ ಒಪ್ಪಿಸುವುದು, ಪ್ರಗತಿಯನ್ನು ನಿರಂತರವಾಗಿ ಗಮನಿಸುವುದು, ಹಣ ಮತ್ತು ಸಿಬ್ಬಂದಿಯನ್ನು ಆ ಗುರಿಗೇ ಮೀಸಲಿಡುವುದು. ಮುಖ್ಯಸ್ಥರು ಹೆಚ್ಚು ವರ್ಷ ಒಂದೇ ಕಡೆ ಉಳಿದಷ್ಟೂ ಒಳ್ಳೆಯದು ಎಂಬುದಕ್ಕೂ ಅವರಿಗೆ ಆಧಾರ ಸಿಕ್ಕಿತ್ತು. ಈ ಪಟ್ಟಿಯಲ್ಲಿ ಅಧಿಕಾರಕ್ಕಿಂತ ಗಮನದ ಮಾತೇ ಹೆಚ್ಚಿದೆ. ನಮಗೆ ಉಪಯುಕ್ತವಾಗುವುದು ಆ ಅಂಶ.

ನಮಗೆ ಇನ್ನೂ ಹತ್ತಿರವೆನಿಸುವ ಉದಾಹರಣೆ ಬ್ರೆಜಿಲ್ ದೇಶದ ಸೊಬ್ರಾಲ್. ಬಡತನಕ್ಕೆ ಹೆಸರಾದ ಈಶಾನ್ಯ ಭಾಗದ ಸಿಯಾರಾ ರಾಜ್ಯದಲ್ಲಿರುವ, ಸುಮಾರು ಎರಡು ಲಕ್ಷ ಜನಸಂಖ್ಯೆಯ ಪುರಸಭೆ ಅದು. ಮಕ್ಕಳು ಶಾಲೆಗೆ ಬರುತ್ತಿದ್ದಾರೆ, ಆದರೆ ಎರಡು-ಮೂರು ವರ್ಷ ಕಳೆದರೂ ಓದಲು ಕಲಿತಿಲ್ಲ ಎಂಬ ಕಹಿ ಸತ್ಯ 2000ದ ಸುಮಾರಿಗೆ ಅಲ್ಲಿನ ಆಡಳಿತದ ಗಮನಕ್ಕೆ ಬಂತು. ಆಗ ಅವರು ಹತ್ತಾರು ಯೋಜನೆಗಳ ಬೆನ್ನು ಹತ್ತಲಿಲ್ಲ. ಸಣ್ಣ ಮಕ್ಕಳೆಲ್ಲ ಸಕಾಲದಲ್ಲಿ ಓದಲು ಕಲಿಯಬೇಕು ಎಂಬ ಒಂದೇ ಗುರಿ ಇಟ್ಟುಕೊಂಡರು. ರಾಜಕೀಯ ಶಿಫಾರಸಿನ ಮೇಲೆ ಮುಖ್ಯೋಪಾಧ್ಯಾಯರನ್ನು ನೇಮಿಸುವುದನ್ನು ಬಿಟ್ಟು ಅರ್ಹತೆಯ ಆಧಾರದಲ್ಲಿ ಆರಿಸಿದರು. ಶಾಲೆಯ ಹೊರಗಿನವರು ಬಂದು ಪ್ರತಿ ಮಗುವಿನಿಂದ ಓದಿಸಿ ಪರೀಕ್ಷಿಸುವ ಕ್ರಮ ತಂದರು. ಅತಿ ಸಣ್ಣ ಶಾಲೆಗಳನ್ನು ಒಟ್ಟುಗೂಡಿಸಿದರು. ದೇಶದ ಮೂಲಶಿಕ್ಷಣ ಗುಣಮಟ್ಟದ ಸೂಚ್ಯಂಕದಲ್ಲಿ 2005ರಲ್ಲಿ 1366ನೇ ಸ್ಥಾನದಲ್ಲಿದ್ದ ಆ ಪುರಸಭೆ 2015ರಲ್ಲಿ ಪ್ರಾಥಮಿಕ ಹಂತದಲ್ಲಿ ಮೊದಲ ಸ್ಥಾನಕ್ಕೆ ಬಂತು. ಹತ್ತು ವರ್ಷ ಹಿಡಿಯಿತು ಎಂಬುದನ್ನೂ ಗಮನಿಸಬೇಕು. ಆಡಳಿತದ ಮುಖಗಳು ಬದಲಾದರೂ ಗುರಿ ಬದಲಾಗಲಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಆ ಒಂದು ಗುರಿ ಯಾವುದಾಗಬೇಕು? ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಹೊಸದೊಂದು ಕನ್ನಡ ಪುಟವನ್ನು ಅರ್ಥ ಮಾಡಿಕೊಂಡು ಓದಬೇಕು ಎಂಬುದಕ್ಕಿಂತ ಯೋಗ್ಯವಾದುದು ನನಗೆ ತೋಚುವುದಿಲ್ಲ. ಒಂದರಿಂದ ಮೂರನೇ ತರಗತಿಯವರೆಗೆ ನಮ್ಮಲ್ಲಿರುವುದು ನಲಿ-ಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ರೂಪಿಸಿದ ಈ ಪದ್ಧತಿಯಲ್ಲಿ ಮಗು ತನ್ನ ವೇಗಕ್ಕೆ ತಕ್ಕಂತೆ ಕಾರ್ಡುಗಳ ಮೆಟ್ಟಿಲು ಏರುತ್ತ ಹೋಗುತ್ತದೆ. ಶಿಕ್ಷಕರಿಗೆ ಸಮಯವೂ ಸಾಮಗ್ರಿಯೂ ಇದ್ದಾಗ ಅದು ಚೆನ್ನಾಗಿಯೇ ನಡೆಯುತ್ತದೆ. ಇಲ್ಲದಿದ್ದಾಗ ಮಗು ಯಾವ ಮೆಟ್ಟಿಲಲ್ಲಿ ನಿಂತುಬಿಟ್ಟಿದೆ ಎಂಬುದು ವರ್ಷದ ಕೊನೆಯವರೆಗೂ ಯಾರಿಗೂ ತಿಳಿಯುವುದಿಲ್ಲ.

ಕರಾವಳಿಯಲ್ಲಿ ಇದಕ್ಕೆ ಮನೆಮಾತಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಒಂದೇ ಕೊಠಡಿಯಲ್ಲಿ ತುಳು ಆಡುವ, ಬ್ಯಾರಿ ಆಡುವ, ಕೊಂಕಣಿ ಆಡುವ ಮಕ್ಕಳು ಒಟ್ಟಿಗಿರುತ್ತಾರೆ; ಮಂಗಳೂರು ನಗರ ಮತ್ತು ಮಲ್ಪೆಯಂಥ ಕಡೆ ಕಟ್ಟಡ ಕೆಲಸಕ್ಕೋ ಮೀನುಗಾರಿಕೆಯ ಕೆಲಸಕ್ಕೋ ಉತ್ತರ ಕರ್ನಾಟಕದಿಂದ ವಲಸೆ ಬಂದ ಕುಟುಂಬಗಳ ಮಕ್ಕಳು ಸರ್ಕಾರಿ ಶಾಲೆಗಳ ಹಾಜರಿ ಪುಸ್ತಕವನ್ನು ತುಂಬಿಸಿದ್ದಾರೆ. ಮನೆಯಲ್ಲಿ ಕನ್ನಡ ಕೇಳದ ಮಗುವಿಗೆ ಒಂದನೇ ತರಗತಿಯ ಕನ್ನಡ ಹೊಸ ಭಾಷೆ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗಿ ತಿಂಗಳು ಕಳೆದು ಬರುವ ಮಗುವಿಗೆ ಬೇಕಾದುದು ಬಿಟ್ಟುಹೋದ ಪಾಠದ ಜೋಡಣೆ. ಈ ಎರಡು ಬಗೆಯ ಮಕ್ಕಳಿಗೆ ಒಂದೇ ಸುತ್ತೋಲೆ ಹೊಂದುವುದಿಲ್ಲ. ಸ್ಥಳೀಯ ಮನೆಮಾತುಗಳಲ್ಲಿ ಮೊದಲ ಕೆಲವು ತಿಂಗಳ ಮಾತುಕತೆಯ ಚಟುವಟಿಕೆಗಳನ್ನು ಸಿದ್ಧಪಡಿಸುವ ಕೆಲಸವನ್ನು ರಾಜ್ಯದ ಅನುಮತಿಗೆ ಕಾಯದೆ ಮಂಗಳೂರು ಮತ್ತು ಉಡುಪಿಯ ಡಯಟ್‌ಗಳೇ ಮಾಡಬಹುದು.

ಓದುವ ಸಾಮರ್ಥ್ಯವನ್ನು ಪರೀಕ್ಷಿಸುವುದು ದುಬಾರಿ ಕೆಲಸವಲ್ಲ, ಆದರೆ ಹತ್ತಿರ ಕೂತು ಮಾಡಬೇಕಾದ ಕೆಲಸ. ಪಠ್ಯಪುಸ್ತಕ ತೆರೆದುಕೊಟ್ಟರೆ ಎಷ್ಟೋ ಮಕ್ಕಳು ಪುಟವಿಡೀ ಸರಾಗವಾಗಿ ಒಪ್ಪಿಸುತ್ತಾರೆ. ಬೆರಳು ಒಂದು ಪದದ ಮೇಲಿದ್ದರೆ ಬಾಯಿ ಮುಂದಿನ ಸಾಲಿನಲ್ಲಿರುತ್ತದೆ. ಅದೇ ಮಗುವಿಗೆ ಬಿಳಿ ಹಾಳೆಯಲ್ಲಿ ‘ಅಜ್ಜಿ ಗದ್ದೆಯಿಂದ ಸೊಪ್ಪು ತಂದಳು’ ಎಂದು ಬರೆದುಕೊಟ್ಟರೆ ಒತ್ತಕ್ಷರಗಳೆಲ್ಲ ಜಾರಿಹೋಗಿ ‘ಅಜಿ ಗದೆ ಸೊಪು’ ಎಂದು ಓದಿ ನಿಲ್ಲುತ್ತದೆ. ಮಗುವಿಗೆ ಕಾಗುಣಿತ ಬಂದಿದೆ, ಒತ್ತಕ್ಷರ ಬಂದಿಲ್ಲ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡು ತಿಂಗಳು ಗಮನ ಕೊಟ್ಟರೆ ಸರಿಪಡಿಸಬಹುದಾದ ಕೊರತೆ ಅದು. ಅದನ್ನು ಯಾರೂ ಗುರುತಿಸದೆ ಹೋದರೆ ಐದನೇ ತರಗತಿಯಲ್ಲಿ ಪರಿಸರ ಅಧ್ಯಯನದ ಪಾಠವೂ ಆ ಮಗುವಿಗೆ ಮುಚ್ಚಿದ ಬಾಗಿಲಾಗುತ್ತದೆ.

ಈ ಎರಡು ನಿಮಿಷಗಳನ್ನು ವ್ಯವಸ್ಥೆಯೊಳಗೆ ತರಬೇಕಾದವರು ಸಿಆರ್‌ಪಿಗಳು. ಅವರು ಮೂಲತಃ ಶಿಕ್ಷಕರೇ. ಬೋಧನೆಗೆ ನೆರವಾಗಲಿ ಎಂದೇ ಆ ಹುದ್ದೆಯನ್ನು ಸೃಷ್ಟಿಸಲಾಯಿತು. ಆದರೆ ಕಾಲಕ್ರಮದಲ್ಲಿ ಅವರ ದಿನಗಳು ಮಾಹಿತಿ ಸಂಗ್ರಹದಲ್ಲೇ ಕಳೆದುಹೋಗುವಂತಾಗಿದೆ. ಶಾಲೆಗಳ ಮಾಹಿತಿಕೋಶವಾದ ಯು-ಡೈಸ್‌ನ ವಿವರ, ವಿದ್ಯಾರ್ಥಿಗಳ ದಾಖಲೆಯ ತಂತ್ರಾಂಶವಾದ ಎಸ್‌ಎಟಿಎಸ್‌ನ ತಿದ್ದುಪಡಿ, ಬಿಸಿಯೂಟದ ಲೆಕ್ಕ, ಶೂ-ಸಾಕ್ಸ್ ಬಳಕೆ ಪ್ರಮಾಣಪತ್ರ, ಶೌಚಾಲಯದ ಫೋಟೊ, ಇವೆಲ್ಲ ಮುಗಿದ ಮೇಲೆ ತರಗತಿಯೊಳಗೆ ಕೂರಲು ಸಮಯ ಉಳಿದರೆ ಅದು ಅವರ ಪುಣ್ಯ. ಜಿಲ್ಲೆಯ ಮುಖ್ಯಸ್ಥರು ಒಂದು ಆದೇಶದಿಂದ ಇದನ್ನು ಬದಲಿಸಬಹುದು: ಸಿಆರ್‌ಪಿ ಶಾಲೆಗೆ ಹೋದರೆ ಕನಿಷ್ಠ ಒಂದು ಪೂರ್ಣ ಅವಧಿ ತರಗತಿಯಲ್ಲಿರಬೇಕು, ಐದಾರು ಮಕ್ಕಳಿಂದ ಹೊಸ ವಾಕ್ಯ ಓದಿಸಬೇಕು, ಮುಂದಿನ ಭೇಟಿಯೊಳಗೆ ಏನು ಮಾಡೋಣ ಎಂದು ಶಿಕ್ಷಕರೊಂದಿಗೆ ಮಾತಾಡಿ ಬರಬೇಕು. ಮಾಸಿಕ ಸಭೆಯಲ್ಲಿ ಬಿಇಒಗಳನ್ನು ಮೊದಲು ಕೇಳುವ ಪ್ರಶ್ನೆಯೂ ಅದೇ ಆಗಿದ್ದರೆ ಆದೇಶ ಕಾಗದದಲ್ಲಿ ಉಳಿಯುವುದಿಲ್ಲ. ಕೆಳಗಿನವರು ಮೇಲಿನವರ ಪ್ರಶ್ನೆಗೆ ತಕ್ಕಂತೆ ಕೆಲಸ ಮಾಡುವುದು ಯಾವ ಇಲಾಖೆಯಲ್ಲೂ ಸಹಜ. ಪ್ರಗತಿ ಪರಿಶೀಲನೆ ಎಂದರೆ ಕಟ್ಟಡ ಕಾಮಗಾರಿಯ ಶೇಕಡಾವಾರು ವೆಚ್ಚ ಎಂದಾದರೆ, ಕೆಳಗೆ ಕಟ್ಟಡವೇ ಶಿಕ್ಷಣವಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಓದಿನ ಪರೀಕ್ಷೆ ಶಿಕ್ಷಕರನ್ನು ಹಿಡಿಯುವ ಬಲೆಯಾದರೆ ಮರುತಿಂಗಳಿನಿಂದಲೇ ಸುಳ್ಳು ಅಂಕಿಗಳು ಹರಿದುಬರುತ್ತವೆ. ‘ನನ್ನ ತರಗತಿಯಲ್ಲಿ ಏಳು ಮಕ್ಕಳಿಗೆ ಓದು ಬಂದಿಲ್ಲ’ ಎಂದು ಹೇಳಿದ ಶಿಕ್ಷಕಿಗೆ ನೋಟಿಸು ಹೋಗದೆ ನೆರವು ಹೋಗಬೇಕು. ಎಲ್ಲ ಮಕ್ಕಳೂ ಓದುತ್ತಾರೆ ಎಂದು ಬರೆದ ಶಾಲೆಗೆ ಬಿಇಒ ಸ್ವತಃ ಹೋಗಿ ಮಕ್ಕಳ ಜತೆ ಕೂರಬೇಕು. ಹೀಗೆ ಒಂದೆರಡು ವರ್ಷ ನಡೆದರೆ ಮಾತ್ರ ಇಲಾಖೆಗೂ ಶಾಲೆಗೂ ನಡುವೆ ನಂಬಿಕೆ ಹುಟ್ಟುತ್ತದೆ.

ಎರಡನೆಯ ದೊಡ್ಡ ಕೆಲಸ ಶಿಕ್ಷಕರ ಸಮಯವನ್ನು ಕಾಪಾಡುವುದು. ಸುಳ್ಯ, ಬೆಳ್ತಂಗಡಿ, ಬೈಂದೂರು ಕಡೆಯ ಇಬ್ಬರು ಶಿಕ್ಷಕರ ಶಾಲೆಯ ಒಂದು ಬೆಳಗ್ಗೆ ಹೇಗಿರುತ್ತದೆ ಎಂಬುದನ್ನು ಬಲ್ಲವರಿಗೆ ಇದರ ತೂಕ ಗೊತ್ತು. ಒಂದು ಕೊಠಡಿಯಲ್ಲಿ ನಲಿ-ಕಲಿಯ ಮೂರು ತರಗತಿ, ಇನ್ನೊಂದರಲ್ಲಿ ನಾಲ್ಕು ಮತ್ತು ಐದು. ಪ್ರಾರ್ಥನೆ ಮುಗಿಸಿ, ಮಕ್ಕಳಿಗೆ ಹಾಲು ಕೊಡಿಸಿ, ಅಡುಗೆಯವರಿಗೆ ಅಕ್ಕಿ-ಬೇಳೆ ಅಳೆದು ಕೊಟ್ಟು ಮುಖ್ಯ ಶಿಕ್ಷಕರು ತರಗತಿಗೆ ಕಾಲಿಡುವಷ್ಟರಲ್ಲಿ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಇಂದು ಮಧ್ಯಾಹ್ನದೊಳಗೆ ಕಡ್ಡಾಯವಾಗಿ’ ಎಂಬ ಸಂದೇಶ ಬಂದಿರುತ್ತದೆ. ನೆಟ್‌ವರ್ಕ್ ಸಿಗುವ ಗುಡ್ಡದ ತುದಿಗೆ ಅವರು ಹೋದರೆ, ಸಹಶಿಕ್ಷಕಿಗೆ ಅಂದೇ ತರಬೇತಿಯಿದ್ದರೆ, ಐದು ತರಗತಿಗಳು ಮಕ್ಕಳ ಪಾಲಿಗೇ ಬಿಟ್ಟಂತೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದು ಎನ್ನುತ್ತದೆ. ಹೀಗಿದ್ದೂ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ನೆಚ್ಚಿಕೊಂಡು, ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ರಾಜ್ಯದ ಇಂಥ ತೀರ್ಮಾನವನ್ನು ಜಿಲ್ಲೆ ತಡೆಯಲಾರದು. ಆದರೆ ಜಿಲ್ಲೆಯೇ ಹುಟ್ಟುಹಾಕುವ ಮಾಹಿತಿ ಬೇಡಿಕೆಗಳನ್ನು ವಾರದ ಒಂದು ದಿನಕ್ಕೆ ಸೀಮಿತಗೊಳಿಸುವುದು, ಒಮ್ಮೆ ಕೊಟ್ಟ ಅಂಕಿಯನ್ನು ಮತ್ತೆ ಕೇಳದಿರುವುದು, ಇಬ್ಬರು ಶಿಕ್ಷಕರ ಶಾಲೆಯಿಂದ ಒಂದೇ ದಿನ ಇಬ್ಬರನ್ನೂ ಹೊರಗೆ ಕರೆಯದಿರುವುದು ಅದರ ಕೈಯಲ್ಲೇ ಇದೆ.

ಮಳೆಗಾಲದ ಲೆಕ್ಕವನ್ನೂ ಇಲ್ಲಿ ಸೇರಿಸಬೇಕು. ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟನೇ ತರಗತಿಗೆ 220 ಕೆಲಸದ ದಿನಗಳು ಬೇಕು. ಜೂನ್-ಜುಲೈಯಲ್ಲಿ ರೆಡ್ ಅಲರ್ಟ್ ಬಂದಾಗ ಜಿಲ್ಲಾಧಿಕಾರಿಗಳು ರಜೆ ಸಾರುವುದು ಮಕ್ಕಳ ಜೀವದ ದೃಷ್ಟಿಯಿಂದ ಸರಿಯಾದುದೇ. ಹೊಳೆ ತುಂಬಿ ಹರಿಯುವಾಗ ಕಾಲುಸಂಕ (ಇಕ್ಕಟ್ಟಾದ ಕಾಲುಸೇತುವೆ) ದಾಟಿ ಬರುವ ಮಕ್ಕಳು ಇಂದಿಗೂ ಇದ್ದಾರೆ. ಶನಿವಾರ ಮಧ್ಯಾಹ್ನದ ತರಗತಿಗಳಿಂದ ದಿನಗಳ ಸಂಖ್ಯೆ ಸರಿದೂಗುತ್ತದೆ, ಕಲಿಕೆ ಸರಿದೂಗುವುದು ಖಚಿತವಿಲ್ಲ. ಜಿಲ್ಲೆಯ ಎಲ್ಲ ವಲಯಗಳಿಗೆ ಒಂದೇ ರಜೆ ಕೊಡುವ ಬದಲು ವಲಯವಾರು ತೀರ್ಮಾನಿಸುವುದೂ, ಶಾಲಾ ದಾರಿಯ ಕಾಲುಸಂಕಗಳ ಪಟ್ಟಿ ಮಾಡಿ ಬೇಸಿಗೆಯೊಳಗೆ ಕಿರುಸೇತುವೆಗಳನ್ನು ಮುಗಿಸಲು ಪಂಚಾಯತ್‌ರಾಜ್ ಎಂಜಿನಿಯರುಗಳ ಬೆನ್ನು ಬೀಳುವುದೂ ಶಿಕ್ಷಣದ ಕೆಲಸವೇ.

ಇನ್ನು ಅತಿ ಕಠಿಣವಾದ ಪ್ರಶ್ನೆ, ಸಣ್ಣ ಶಾಲೆಗಳದು. ಕಾಯ್ದೆಯಂತೆ ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಮಕ್ಕಳ ಸಂಖ್ಯೆ ಇಳಿದಂತೆ ಶಿಕ್ಷಕರು ‘ಹೆಚ್ಚುವರಿ’ಯಾಗುತ್ತಾರೆ; ಶಿಕ್ಷಕರು ಹೋದಂತೆ ಪೋಷಕರು ಮಕ್ಕಳನ್ನು ಬಿಡಿಸಿ ಪಟ್ಟಣದ ಆಂಗ್ಲ ಮಾಧ್ಯಮ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ; ಸಂಖ್ಯೆ ಮತ್ತೆ ಇಳಿಯುತ್ತದೆ. ಈ ಸುಳಿಯನ್ನು ಎಲ್ಲೋ ಒಂದು ಕಡೆ ತುಂಡರಿಸಬೇಕು. ವಿಲೀನವೇ ಪರಿಹಾರವೆಂದು ನಾನು ಹೇಳಲಾರೆ, ವಿಲೀನ ಬೇಡವೇ ಬೇಡ ಎಂದೂ ಹೇಳಲಾರೆ. ಎಂಟು ಮಕ್ಕಳು, ಒಬ್ಬರೇ ಶಿಕ್ಷಕರು ಇರುವಲ್ಲಿ ಮಗುವಿಗೆ ಗೆಳೆಯರೂ ಇಲ್ಲ, ಪಾಠವೂ ಇಲ್ಲ. ಅದನ್ನು ಶಾಲೆಯೆಂದು ಉಳಿಸಿಕೊಳ್ಳುವುದು ನಮ್ಮ ಭಾವನೆಗೆ ಮಾಡುವ ಉಪಚಾರವೇ ಹೊರತು ಮಗುವಿಗಲ್ಲ. ಆದರೆ ಕಾಡಂಚಿನ ಮಲೆಕುಡಿಯ ಅಥವಾ ಕೊರಗ ಬುಡಕಟ್ಟಿನ ಕುಟುಂಬದ ಮಗುವಿಗೆ ಹತ್ತಿರದ ಶಾಲೆ ಮುಚ್ಚಿದರೆ ಓದೇ ನಿಂತುಹೋಗಬಹುದು. ಹಾಗಾಗಿ ಮಗು ಹೊಸ ಶಾಲೆಗೆ ಹೋಗಿ ಬರುವ ವಾಹನ ಮೊದಲು ಓಡಬೇಕು, ಅಲ್ಲಿ ತರಗತಿಗೊಬ್ಬ ಶಿಕ್ಷಕರಿರುವುದನ್ನು ಪೋಷಕರು ಕಣ್ಣಾರೆ ನೋಡಬೇಕು, ಆಮೇಲೆ ಹಳೆಯ ಶಾಲೆಯ ಮಾತು ಬರಬೇಕು. ಕರಾವಳಿಯ ಹಲವು ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮತ್ತು ಹಳೆ ವಿದ್ಯಾರ್ಥಿಗಳು ಸೇರಿ ವಾಹನ ಓಡಿಸುತ್ತಿರುವುದರಿಂದ ದಾರಿ ಅಪರಿಚಿತವೇನಲ್ಲ. ಚಾಲಕರ ಸಂಬಳ ಮತ್ತು ಡೀಸೆಲ್ ವೆಚ್ಚ ಪ್ರತಿವರ್ಷ ಯಾರ ಹೆಗಲಿಗೆ ಎಂಬುದನ್ನು ಜಿಲ್ಲಾ ಆಡಳಿತ ಇತ್ಯರ್ಥ ಮಾಡಿಕೊಡಬೇಕಾಗಿದೆ.

ಆಂಗ್ಲ ಮಾಧ್ಯಮದ ವಿಷಯದಲ್ಲಿ ಜಿಲ್ಲೆಯ ಹೊಣೆ ಸೀಮಿತವಾದರೂ ಸ್ಪಷ್ಟ. 2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆದಾಗ ದಾಖಲಾತಿ ಏರಿದ ಎಲ್ಲ ಕಡೆಯೂ ಶಿಕ್ಷಕರು ಸಿದ್ಧರಾಗಿದ್ದರೆಂದಲ್ಲ. ಬೋರ್ಡು ಬದಲಾಗುವ ಮೊದಲು ಕಲಿಸುವವರ ಸಿದ್ಧತೆ ಆಗಿದೆಯೇ ಎಂದು ನೋಡುವುದು, ಆಗದಿದ್ದರೆ ಆ ಶಾಲೆಯ ಹೆಸರನ್ನು ಮುಂದಿನ ವರ್ಷಕ್ಕೆ ಇಡಿ ಎಂದು ಬರೆಯುವ ಧೈರ್ಯ ತೋರುವುದು ಡಿಡಿಪಿಐ ಅವರ ಕೆಲಸ.

ಜನರ ಪಾಲ್ಗೊಳ್ಳುವಿಕೆಯಲ್ಲಿ ಈ ಜಿಲ್ಲೆಗಳಿಗೆ ಸರಿಸಾಟಿ ಕಡಿಮೆ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ಕೂಡಿಟ್ಟ ದುಡ್ಡಿನಿಂದ ತನ್ನೂರು ನ್ಯೂಪಡ್ಪುವಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರಷ್ಟು ದೊಡ್ಡ ತ್ಯಾಗ ಅಪರೂಪವಾದರೂ, ಗೌರವ ಶಿಕ್ಷಕಿಯ ಸಂಬಳಕ್ಕೆ ತಿಂಗಳ ವಂತಿಗೆ ಹಾಕುವ ಊರವರು, ಮುಂಬಯಿ ಮತ್ತು ಕೊಲ್ಲಿ ದೇಶಗಳಿಂದ ಹಣ ಕಳುಹಿಸುವ ಹಳೆ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇದ್ದಾರೆ. ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ರಚನೆಯಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಈ ಉತ್ಸಾಹಕ್ಕೆ ಅಧಿಕೃತ ರೂಪ ಕೊಟ್ಟಿವೆ. ಆದರೆ ದಾನ ಹೋಗುವುದು ದಾನಿಗಳಿರುವ ಊರಿಗೆ. ಶ್ರೀಮಂತ ಹಳೆ ವಿದ್ಯಾರ್ಥಿಗಳಿರುವ ಶಾಲೆಗೆ ಎರಡನೇ ರಂಗಮಂದಿರವೂ ಪ್ರವೇಶದ್ವಾರವೂ ಬರುತ್ತವೆ. ವಲಸೆ ಕಾರ್ಮಿಕರ ಮಕ್ಕಳೇ ತುಂಬಿರುವ ನಗರದ ಶಾಲೆಗೆ ಹಳೆ ವಿದ್ಯಾರ್ಥಿ ಸಂಘವೇ ಇರುವುದಿಲ್ಲ. ಯಾವ ಶಾಲೆಗೆ ಶಿಕ್ಷಕರ ಕೊರತೆ, ಯಾವುದಕ್ಕೆ ವಾಹನ, ಯಾವುದಕ್ಕೆ ಗ್ರಂಥಾಲಯ ಎಂಬ ಅಗತ್ಯಪಟ್ಟಿಯನ್ನು ಜಿಲ್ಲೆಯೇ ಪ್ರಕಟಿಸಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಆ ಪಟ್ಟಿಯ ಮೇಲಿನಿಂದ ಕೆಳಕ್ಕೆ ಹರಿಸಿದರೆ ಈ ಅಸಮಾನತೆ ಸ್ವಲ್ಪವಾದರೂ ತಗ್ಗುತ್ತದೆ.

ಕೊನೆಯದಾಗಿ ನಿರಂತರತೆಯ ಪ್ರಶ್ನೆ. ಉಪನಿರ್ದೇಶಕರು ಎರಡು-ಮೂರು ವರ್ಷದಲ್ಲಿ ವರ್ಗಾವಣೆಯಾಗುತ್ತಾರೆ ಅಥವಾ ನಿವೃತ್ತರಾಗುತ್ತಾರೆ; ಹುದ್ದೆ ಪ್ರಭಾರದಲ್ಲೇ ಕಳೆಯುವ ತಿಂಗಳುಗಳೂ ಇರುತ್ತವೆ. ಜಿಲ್ಲಾ ಪಂಚಾಯತ್‌ನ ಶಿಕ್ಷಣ ಸ್ಥಾಯಿ ಸಮಿತಿ ಯೋಜನೆಯ ನೆನಪನ್ನು ಹೊತ್ತು ಸಾಗಬೇಕಿತ್ತು, ಆದರೆ 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹೀಗಿರುವಾಗ ಗುರಿಯನ್ನು ಕಾಯುವ ಕೆಲಸ ಗ್ರಾಮ ಪಂಚಾಯತಿಗಳಿಗೆ ಬರುತ್ತದೆ. ಪ್ರತಿವರ್ಷ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಆ ಪಂಚಾಯತಿಯ ಒಂದೊಂದು ಶಾಲೆಯ ಮೂರನೇ ತರಗತಿಯ ಎಷ್ಟು ಮಕ್ಕಳು ಹೊಸ ಪುಟ ಓದಬಲ್ಲರು, ಕಳೆದ ವರ್ಷ ಎಷ್ಟಿದ್ದರು, ಶಿಕ್ಷಕರು ಎಷ್ಟು ದಿನ ತರಗತಿಯ ಹೊರಗಿದ್ದರು ಎಂಬ ಮೂರು ಅಂಕಿಗಳನ್ನು ಸಿಆರ್‌ಪಿ ಎದ್ದುನಿಂತು ಓದಿ ಹೇಳುವಂತೆ ಡಿಡಿಪಿಐ ಆದೇಶಿಸಲಿ. ಪ್ರಶ್ನೆ ಕೇಳುವ ಪೋಷಕರು ಎದುರಿಗೇ ಕೂತಿರುವುದರಿಂದ, ಆದೇಶ ಹೊರಡಿಸಿದ ಅಧಿಕಾರಿ ವರ್ಗವಾಗಿ ಹೋದ ಮೇಲೂ ಮರುವರ್ಷದ ಸಭೆಯಲ್ಲಿ ಆ ಅಂಕಿಗಳನ್ನು ಕೊಡದೆ ನಿರ್ವಾಹವಿರುವುದಿಲ್ಲ.